ನೀಲವ್ವ ಹೆಸರು ಹೇಳದೆ ಹೇಳಿದ ಭಾರತ

ಈ ಶ್ರಾವಣದಲ್ಲಿ, ಪಂಚಮಿಯ ಹಿಂದಿನ ದಿನ, ಜಮಖಂಡಿಯ ಒಂದು ಕಾಲೇಜಿನವರು ನನ್ನನ್ನು ಮಾತಾಡಲು ಕರೆದಿದ್ದರು. ಹಳೆಯ ಮಹಾಕಾವ್ಯದೊಳಗೆ ಹೊಸ ಕಥೆ ಹುಡುಕುವುದು ಹೇಗೆ ಅನ್ನುವುದು ವಿಷಯ. ಕಥೆ ಬರೆಯುವವಳು ಅಂತ ಹೆಸರು ಬಿದ್ದ ಮೇಲೆ ಇಂಥವೆಲ್ಲ ಬರುತ್ತವೆ. ಒಂದು ತಾಸು ಮಾತಾಡಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ನಿಮಗ ಮೊದಲನೇ ಕಥಿ ಎಲ್ಲಿ ಸಿಕ್ತರಿ?" ಅಂತ ಕೇಳಿದಳು. "ಮೂಲವನ್ನು ಮತ್ತೆ ಮತ್ತೆ ಓದಿದಾಗ ಸಿಕ್ಕಿತು" ಅಂದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು.

ಮುಧೋಳ ನನ್ನ ಊರು. ಮುಧೋಳದ ಬಸ್ಸಿಗೆ ನಿಲ್ಲಬೇಕಾದವಳು, ಎದುರಿಗೆ ಬಂದ ಬನಹಟ್ಟಿ ಬಸ್ಸು ಹತ್ತಿಬಿಟ್ಟೆ. ಇಳಿದು ಎರಡು ಓಣಿ ದಾಟುವುದರೊಳಗೆ ಗಂಜಿಯ ವಾಸನೆ ಮೂಗಿಗೆ ಬಂತು. ನೂಲಿಗೆ ಹಾಕುವ ಗಂಜಿ. ಅರ್ಧ ಹುಳಿ, ಅರ್ಧ ಬೆಂದ ಹಿಟ್ಟಿನ ವಾಸನೆ. ಯಾರಿಗೂ ಇಷ್ಟವಾಗುವಂಥದ್ದಲ್ಲ. ನನಗೆ ಮಾತ್ರ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ನೆನಪಾಯಿತು.

ನೌಕರಿಯ ಮೊದಲ ವರ್ಷ ನಾನು ಇದೇ ಬನಹಟ್ಟಿಯಲ್ಲಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಕೆಲಸ, ನೀಲವ್ವ ಅನ್ನುವವರ ಮನೆಯಲ್ಲಿ ಬಾಡಿಗೆಯ ಕೋಣೆ. ಮನೆಯ ಹಿಂದಿನ ಅರ್ಧವೆಲ್ಲ ಮಗ್ಗದ ಶೆಡ್ಡು. ಅಲ್ಲಿ ಪವರ್‌ಲೂಮುಗಳು ಬೆಳಗಿನಿಂದ ಕಟಕಟ ಬಡಿಯುತ್ತಿದ್ದವು, ನನ್ನ ಕೋಣೆಗೂ ಅವಕ್ಕೂ ನಡುವೆ ಒಂದೇ ಗೋಡೆ. ಮೊದಲ ವಾರ ಹುಚ್ಚು ಹಿಡಿಯುತ್ತದೆ ಅಂದುಕೊಂಡೆ. ಆಮೇಲೆ ರವಿವಾರ ಮುಧೋಳಕ್ಕೆ ಹೋದರೆ, ಆ ಸದ್ದಿಲ್ಲದೆ ನಿದ್ದೆಯೇ ಬರಲಿಲ್ಲ.

ಮಗ್ಗದ ಸದ್ದಿನಲ್ಲಿ ಕೂಗಿ ಮಾತಾಡುವವರು ಹೊಸಬರು ಮಾತ್ರ. ಓಣಿಯವರು ಎದುರುಬದುರು ನಿಂತು ತುಟಿ ಅಷ್ಟೇ ಆಡಿಸುತ್ತಾರೆ. ಚಹಾ ಕುಡಿತೀಯಾ, ನೂಲು ಹರಿಯಿತು, ನಿನ್ನ ನಾದಿನಿ ಹೀಗಂದಳು, ಎಲ್ಲವೂ ತುಟಿಯಲ್ಲೇ. ಶ್ರಾವಣದ ಹೊತ್ತಿಗೆ ನನಗೂ ಅದು ಬಂತು. ನೀಲವ್ವನ ಗಂಡನಿಗಂತೂ ಅದೊಂದೇ ಭಾಷೆ. ಚಿಕ್ಕಂದಿನಿಂದ ಮಗ್ಗದ ನಡುವೆ ನಿಂತು ಅವರ ಕಿವಿ ಮಂದವಾಗಿತ್ತು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ನೀಲವ್ವನನ್ನು ಕಾಕು. ಅವರು ನನ್ನನ್ನು ಓಣಿಯ ಎಲ್ಲರಂತೆ ಅಕ್ಕೋರು ಅನ್ನುತ್ತಿದ್ದರು, ಟೀಚರಿಗೆ ಅಲ್ಲಿ ಅದೇ ಹೆಸರು.

ಆ ವರ್ಷ ನನಗೆ ಒಂದೇ ಹಂಬಲ. ಭಾರತದ ಕಥೆಯೊಳಗಿಂದ ಒಂದು ಹೊಸ ಕಥೆ ಬರೆಯಬೇಕು, ಅದು ಅಚ್ಚಾಗಬೇಕು. ಐವರು ಅಣ್ಣತಮ್ಮಂದಿರು, ನೂರು ದಾಯಾದಿಗಳು, ಒಂದು ಯುದ್ಧ. ಇಷ್ಟು ದೊಡ್ಡ ಕಣಜದಲ್ಲಿ ನನಗೊಂದು ಸೇರು ಸಿಗಲಾರದೇ ಅಂದುಕೊಂಡಿದ್ದೆ. ದಪ್ಪ ದಪ್ಪ ಸಂಪುಟ ತಂದು ಪೇರಿಸಿದೆ. ಬರೆದದ್ದರಲ್ಲಿ ಎಲ್ಲರೂ "ಹೇ ಆರ್ಯಪುತ್ರ" ಅನ್ನುತ್ತಿದ್ದರು, ಅರಮನೆಯ ಕಂಬಗಳ ವರ್ಣನೆಯೇ ಎರಡು ಪುಟ. ಒಂದು ಮಧ್ಯಾಹ್ನ ಕಾಕುವಿಗೆ ಓದಿ ತೋರಿಸಿದೆ. ಕಂಬಗಳು ಮುಗಿಯುವುದರೊಳಗೆ ಅವರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಎಚ್ಚರಾದ ಮೇಲೆ "ಛಲೋ ಐತಿ ಬಿಡ್ರಿ" ಅಂದರು. ನನಗೆ ಮೈಯೆಲ್ಲ ಉರಿಯಿತು.

ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಮಗ್ಗ ಒಮ್ಮೆಲೇ ನಿಂತರೆ ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು, ಮಳೆಯ ಸದ್ದು ಆಗ ಕೇಳಿಸುತ್ತಿತ್ತು. ಓಣಿಯ ಹೆಂಗಸರು ನೂಲು ಸುತ್ತುವ ಕೈರಾಟಿ ಎತ್ತಿಕೊಂಡು ಕಾಕುವಿನ ಪಡಸಾಲೆಗೆ ಬರುತ್ತಿದ್ದರು. ಮಗ್ಗಕ್ಕೆ ರಜೆಯಾದರೂ ಕಂಡಕಿಗೆ ರಜೆಯಿಲ್ಲ. ಲಾಳಿಯೊಳಗೆ ಕೂರುವ ಆ ಸಣ್ಣ ನೂಲಿನುಂಡೆಗಳನ್ನು ಸುತ್ತುತ್ತ ಕೂರುತ್ತಿದ್ದರು. ಕಾಕು ಭಾರತ ಹೇಳುತ್ತಿದ್ದರು. ಕರೆಂಟು ಬಂದ ಗಳಿಗೆಗೆ ಕಥೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಒಮ್ಮೆ ದಾಯಾದಿಗಳು ಅರಗಿನ ಮನೆಗೆ ಬೆಂಕಿ ಹಚ್ಚಿ ಐವರನ್ನು ಒಳಗೇ ಬಿಟ್ಟಾಗ ಬಂದ ಕರೆಂಟು ನಾಲ್ಕು ದಿನ ಹೋಗಲೇ ಇಲ್ಲ. ಕರೆಂಟು ಯಾಕೆ ಹೋಗವಲ್ಲದು ಅಂತ ಬೈದ ಊರು ಅದೊಂದೇ ಇರಬೇಕು.

ಕಾಕು ಹೇಳುವ ಭಾರತದಲ್ಲಿ ಯಾರಿಗೂ ಹೆಸರಿರಲಿಲ್ಲ. ಗದೆಯವ, ಬಿಲ್ಲಿನವ, ಅವರವ್ವ, ಅತ್ತಿ, ಸೊಸಿ, ಕಾಕಾ, ಮೊಮ್ಮಗ. ಮೊದಲು ಮರೆವು ಅಂದುಕೊಂಡೆ. ಕೇಳಿದರೆ ನಕ್ಕರು.

"ನಮ್ಮ ಅತ್ತಿಮನಿ ಮುತ್ಯಾಗ ಭಾರತದ ಹುಚ್ಚರಿ ಅಕ್ಕೋರ. ಹುಟ್ಟಿದ ಗಂಡಮಕ್ಕಳಿಗೆಲ್ಲ ಅದರಾಗಿನ ಹೆಸರ ಇಟ್ಟಾನ. ನಮ್ಮ ಮಾವಂದು ಒಂದು, ಭಾವಂದು ಒಂದು, ಮೈದುನಂದು ಒಂದು, ಇವರದೊಂದು. ಗಂಡನ ಮನಿಯವರ ಹೆಸರ ಹೆಂಗ ಹೇಳೂದು? ಒಂದ ಹೇಳಿ ಒಂದ ಬಿಟ್ರ ಸಿಕ್ಕ ಬೀಳತೀನಿ ಅಂತ ಎಲ್ಲಾ ಬಿಟ್ಟೆ."

"ಕಾಕಾನ ಹೆಸರು ಒಮ್ಮೆಯೂ ಹೇಳಿಲ್ಲವಾ?"

"ಮದುವ್ಯಾಗ ಒಡಪು ಹಾಕಿದಾಗ ಒಮ್ಮಿ ಹೇಳೀನಿ. ಆತಲ್ರಿ."

ಆ ಹೆಸರುಗಳನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಆ ವರ್ಷದ ಚಟ ಇನ್ನೂ ಹೋಗಿಲ್ಲ. ಹೆಸರು ಹೋದರೆ ಕಿರೀಟವೂ ಹೋಗುತ್ತದೆ, ಅರಮನೆಯೂ ಹೋಗುತ್ತದೆ. "ದೊಡ್ಡಾವ ಜೂಜಾಡಿ ಮನಿ ಕಳದ" ಅಂದರೆ ಹೆಂಗಸರು ಎದುರು ಮನೆಯ ಕಡೆಗೆ ನೋಡುತ್ತಿದ್ದರು. "ಹಡದಾಕಿ ಹಿರೇ ಮಗನ ಸುದ್ದಿ ಬಾಯಿ ಬಿಡಲಿಲ್ಲ" ಅಂದರೆ ಒಬ್ಬಾಕೆ ರಾಟಿ ನಿಲ್ಲಿಸಿ ಮೂಗು ಸೇದುತ್ತಿದ್ದಳು. ನಾನು ಸಂಪುಟಗಳಲ್ಲಿ ಹುಡುಕುತ್ತಿದ್ದ ಹೊಸ ಕಥೆ ಈ ಪಡಸಾಲೆಯಲ್ಲಿ ಕಂಡಕಿ ಸುತ್ತುತ್ತ ಕೂತಿತ್ತು. ಅದು ತಿಳಿಯಲು ನನಗೆ ಅರ್ಧ ಮಳೆಗಾಲ ಬೇಕಾಯಿತು.

ಕಂಡಕಿ ಸುತ್ತುವವರಲ್ಲಿ ಗಂಗವ್ವ ಅಂತ ಒಬ್ಬರು, ಗಂಡನಿಲ್ಲದವರು. ಅವರ ಮಗಳು ಶೋಭಾ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಕಾಲೇಜಿನಿಂದ ಬಂದವಳೇ ಅವ್ವನ ಪಕ್ಕ ರಾಟಿಗೆ ಕೂರುವಳು, ಸಂಜೆ ನನ್ನ ಕೋಣೆಗೆ ಬಂದು ಪುಸ್ತಕ ಒಯ್ಯುವಳು. ಅವಳಿಗೆ ಬೀಳಗಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಗೊಬ್ಬರದ ಅಂಗಡಿ, ಗಲಗಲಿಯ ಹತ್ತಿರ ಹೊಳೆದಂಡೆಯ ಹೊಲ. ತಾಯಿಯಿಲ್ಲದ ಹುಡುಗ, ಸಾಕಿದ ಸೋದರತ್ತೆಯೇ ಮಾತು ತಂದಿದ್ದಳು. ಗಂಗವ್ವ ಹಿಗ್ಗಿ ಹೀರೆಕಾಯಿಯಾದರು.

"ಒಂದ ಚಟ ಇಲ್ಲಂತರಿ ಅಕ್ಕೋರ. ಹೊತ್ತ ಮುಳುಗಿದ ಮ್ಯಾಲೆ ಹುಡುಗ ಹೊರಗ ಕಾಲ ಇಡಂಗಿಲ್ಲಂತ. ಈಗಿನ ಕಾಲದಾಗ ಇಂಥಾವ ಎಲ್ಲಿ ಸಿಗತಾರ?"

"ಶೋಭಾಳ ಓದು?"

"ಲಗ್ನ ಆದ ಮ್ಯಾಲೆ ಓದು ಬ್ಯಾಡಂದಾರ. ಹುಡುಗ ಹತ್ತನೇತ್ತೆ ನಪಾಸ. ಅಂವಗಿಂತ ಇಕಿ ಹೆಚ್ಚ ಓದಿದ್ರ ಚಂದ ಕಾಣಂಗಿಲ್ಲಂತ."

ಶೋಭಾ ಆ ಸಂಜೆ ಬಂದು, ಒಯ್ದಿದ್ದ ಪುಸ್ತಕವನ್ನೆಲ್ಲ ಮೇಜಿನ ಮೇಲಿಟ್ಟು ಹೋದಳು. ಒಂದನ್ನೂ ಪೂರ್ತಿ ಓದಿರಲಿಲ್ಲ. ನಾನು ಸಿಟ್ಟಿನಿಂದ ಬರೆಯಲು ಕೂತೆ. ಗಂಡ ಕುರುಡ ಅಂತ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ರಾಣಿ ಭಾರತದಲ್ಲಿ ಇದ್ದಾಳಲ್ಲ. ಗಂಡ ಓದಿಲ್ಲ ಅಂತ ಓದು ಬಿಡುವ ಹುಡುಗಿಯ ಕಥೆಯೂ ಅದೇ ಅಲ್ಲವೇ? ನನ್ನ ಕಥೆಯ ಹುಡುಗಿ ಕೊನೆಗೆ ಒಲ್ಲೆ ಅಂದು ಎದ್ದು ಹೋಗುವಳು, ತುಂಬಿದ ಸಭೆಯಲ್ಲಿ. ಕೊನೆಯ ಸಾಲು ಕೂಡ ಬರೆದಿಟ್ಟೆ.

ಅದೇ ರಾಣಿಯ ಕಥೆಯನ್ನು ಕಾಕು ಹೇಳಬೇಕು ಅಂತ ನಾನೇ ಗಂಟು ಬಿದ್ದೆ. ಒಂದು ಮಳೆಯ ಮಧ್ಯಾಹ್ನ ಕರೆಂಟು ಹೋಯಿತು. ಗಂಗವ್ವ, ಶೋಭಾ, ಇನ್ನು ನಾಲ್ಕೈದು ಮಂದಿ ಕೂತಿದ್ದರು. ಕಾಕು ಶುರು ಮಾಡಿದರು.

"ದೊಡ್ಡ ಮನಿ. ಹೊಲ ಐತಿ, ಆಳ ಅದಾವ, ಯಾವದಕ್ಕೂ ಕಡಿಮಿ ಇಲ್ಲ. ಹುಡುಗಗ ಮಾತ್ರ ಕಣ್ಣ ಕಾಣಂಗಿಲ್ಲ."

ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಛತ್ರಿ ಮಡಚುತ್ತ ನಿಂತಿದ್ದಳು. ಬೀಳಗಿಯ ಸೋದರತ್ತೆ. ಗಂಗವ್ವನ ಮನೆಗೆ ಬಂದು, ಕೀಲಿ ನೋಡಿ, ಯಾರೋ ತೋರಿಸಿದ್ದಕ್ಕೆ ಇಲ್ಲಿಗೆ ಬಂದಿದ್ದಳು. ನಾವು ಯಾರೂ ನೋಡಲಿಲ್ಲ. ಕಾಕು ಮುಂದುವರಿಸಿದರು.

"ಹುಡುಗಿ ಅಪ್ಪಗ ಗೊತ್ತಿತ್ತು. ದೊಡ್ಡ ಮನಿ ಅಂತ ಸುಮ್ಮ ಕುಂತ. ಮನಿ ಹಿರ್ಯಾರು ಬಂದ ಹೆಣ್ಣ ಕೇಳೇ ಬಿಟ್ರು. ಹುಡುಗಿಗೆ ಯಾರೂ ಒಂದ ಮಾತ ಕೇಳಲಿಲ್ಲ. ಕಣ್ಣ ಕಾಣದಾವಗ ಕೊಡಾಕತ್ತೇವಿ ಅಂತ..."

"ಯಾರ ಹೇಳಿದ್ರ ನಿಮಗ?"

ಎಲ್ಲರೂ ತಿರುಗಿದೆವು. ಸೋದರತ್ತೆಯ ಮುಖ ಕೆಂಪಾಗಿತ್ತು.

"ಕಣ್ಣ ಕಾಣಂಗಿಲ್ಲಂತ ಯಾರ ಹೇಳಿದ್ರು? ಹಗಲ ಬರೋಬ್ಬರಿ ಕಾಣತೈತಿ ನಮ್ಮ ಹುಡುಗಗ. ಹೊತ್ತ ಮುಳುಗಿದ ಮ್ಯಾಲೆ ಅಷ್ಟ ಮಬ್ಬ. ಅಷ್ಟಕ್ಕ ಓಣಿ ಮಂದಿನ್ನ ಕುಂಡ್ರಿಸಿಕೊಂಡು ಕುರುಡ ಅಂತ ಸಾರಾಕತ್ತೀರೇನು?"

ಕಾಕುವಿನ ಕೈಯಿಂದ ನೂಲಿನ ಎಳೆ ಜಾರಿತು. "ನಾ ಭಾರತ ಹೇಳಾಕತ್ತಿದ್ದೆನ್ರಿ ಯವ್ವ" ಅಂದರು.

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಒಮ್ಮೆಲೇ ಬಡಿಯಲು ಶುರುವಾದವು. ಸೋದರತ್ತೆ ಕೂಗಿ ಬೈಯುತ್ತಿದ್ದಳು. ಬೈಗಳ ಒಂದೂ ಕೇಳಿಸದು, ಬಾಯಿ ಮಾತ್ರ ಕಾಣುತ್ತಿತ್ತು. ಈ ಕಡೆ ಓಣಿಯವರು ಸದ್ದಿಲ್ಲದೆ ಮಾತಾಡಿಕೊಳ್ಳುತ್ತಿದ್ದರು. ಗಂಗವ್ವನ ತುಟಿ, "ಏನಂದ್ಲು?" ಕಾಕುವಿನ ತುಟಿ, "ಹುಡುಗಗ ಇರಳ ಕಾಣಂಗಿಲ್ಲಂತ." "ಖರೇನ?" "ಆಕಿನ ಅಂದ್ಲಲ್ಲ ಬೇ." ಮೂಲೆಯಿಂದ ಇನ್ನೊಬ್ಬಾಕೆಯ ತುಟಿ, "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು." ನನಗೆ ನಗು ಬಂತು, ಮರುಗಳಿಗೆ ಶೋಭಾಳ ಮುಖ ಕಂಡು ನಗು ಸತ್ತಿತು. ಅವಳು ಯಾರ ತುಟಿಯನ್ನೂ ನೋಡುತ್ತಿರಲಿಲ್ಲ.

ಶೆಡ್ಡಿನಿಂದ ಕಾಕಾ ಬಂದು ಬಾಗಿಲಲ್ಲಿ ನಿಂತರು. ಎಲ್ಲರ ಮುಖ ಒಂದು ಸಲ ನೋಡಿದರು. ಹಿಂದಕ್ಕೆ ಹೋಗಿ ಮಗ್ಗಗಳನ್ನೆಲ್ಲ ಬಂದ್ ಮಾಡಿದರು. ಕರೆಂಟು ಇದ್ದಾಗ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮಗ್ಗ ನಿಂತದ್ದೇ ಸೋದರತ್ತೆಯ ದನಿಯೂ ಇಳಿಯಿತು. ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾವಿರ ಸುಳ್ಳ ಹೇಳಿ ಒಂದ ಮದುವಿ ಮಾಡು ಅಂತಾರ. ತಾಯಿಲ್ಲದ ಕೂಸ ಅದು. ನಾ ಹೇಳಿದ್ದು ಒಂದ ಸುಳ್ಳ."

"ಸುಳ್ಳ ಎಲ್ಲಿ ಹೇಳಿರಿ ಅತ್ತಿಯಾರ?" ಅಂದರು ಗಂಗವ್ವ. "ಹೊತ್ತ ಮುಳುಗಿದ ಮ್ಯಾಲೆ ಹೊರಗ ಕಾಲ ಇಡಂಗಿಲ್ಲ ಅಂದ್ರಿ. ನಾವ ಅದನ್ನ ಗುಣಾ ಅಂತ ತಿಳಕೊಂಡ್ವಿ."

ಸೋದರತ್ತೆ ಚಹಾ ಕುಡಿಯದೆ ಹೋದಳು. ಸಂಬಂಧ ಮುರಿಯಿತು ಅಂತ ಓಣಿಯೆಲ್ಲ ಅಂದುಕೊಂಡಿತು. ಗಂಗವ್ವ ಅತ್ತರು. ಕಾಕು ಕಥೆ ಹೇಳುವುದನ್ನೇ ಬಿಟ್ಟರು. ಕರೆಂಟು ಹೋದರೆ ಹೆಂಗಸರು ಬಂದು ಕೂತು, ಬರೀ ರಾಟಿ ತಿರುಗಿಸಿ ಎದ್ದು ಹೋಗುತ್ತಿದ್ದರು. "ನನ್ನ ಬಾಯಿಂದ ಒಂದ ಹುಡುಗಿ ಮದುವಿ ಹೋತು" ಅಂದರೆ ನಾನು "ಛಲೋ ಆತು ಬಿಡ್ರಿ ಕಾಕು" ಅನ್ನುತ್ತಿದ್ದೆ. ನನಗೆ ಮನಸ್ಸಿನಲ್ಲಿ ಸಂತೋಷವೇ. ಹುಡುಗಿ ಉಳಿದಳು, ಓದು ಉಳಿಯಿತು, ನನ್ನ ಕಥೆಯ ಕೊನೆಯ ಸಾಲೂ ಉಳಿಯಿತು.

ಕೆಲವು ದಿನ ಬಿಟ್ಟು ಶೋಭಾ ನನ್ನ ಕೋಣೆಗೆ ಬಂದಳು.

"ಅಕ್ಕೋರ, ಆ ರಾಣಿಗೆ ಯಾರೂ ಕೇಳಲಿಲ್ಲ ಅಂದ್ರಲ್ಲ ಕಾಕು. ಆ ಕಣ್ಣಿಲ್ಲದಾವಗರೆ ಯಾರರೆ ಕೇಳಿದ್ರೇನ್ರಿ?"

"ಏನಂತ?"

"ಮುಚ್ಚಿಟ್ಟ ಮಾಡ್ಕೊಳ್ಳೂನೋ, ಹೇಳಿ ಮಾಡ್ಕೊಳ್ಳೂನೋ ಅಂತ. ನಾ ಅಂವನ ಕೂಡ ಒಮ್ಮಿ ಮಾತಾಡಬೇಕ್ರಿ. ನೀವ ಕರಕೊಂಡ ಹೋಗ್ರಿ."

ನಾನು ಬೈದೆ. ಬಿಡಿಸಿಕೊಂಡ ಬಲೆಗೆ ಮತ್ತೆ ಯಾಕೆ ಕಾಲು ಹಾಕುತ್ತೀ ಅಂದೆ. ಅವಳು ಕೇಳಲಿಲ್ಲ. ಗಂಗವ್ವನನ್ನು ಕಾಕು ಒಪ್ಪಿಸಿದರು, ಬೀಳಗಿಗೂ ಅವರೇ ಮಾತು ಕಳಿಸಿದರು. ತನ್ನ ಬಾಯಿ ಕೆಡಿಸಿದ್ದನ್ನು ತನ್ನ ಬಾಯಿಯೇ ಕಟ್ಟಲಿ ಅಂತ ಇರಬೇಕು. ಬಿಸಿಲು ಚೆನ್ನಾಗಿದ್ದ ಒಂದು ರವಿವಾರ ಜಮಖಂಡಿಯ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತೆವು. ಹುಡುಗ ಬೀಳಗಿ ಬಸ್ಸಿನಲ್ಲಿ ಬಂದ. ಸಂಗಮೇಶ ಅಂತ ಹೆಸರು. ಹೊರಗಿನ ಬೆಳಕಿನಿಂದ ಒಳಗೆ ಬಂದವನು ಬಾಗಿಲಲ್ಲಿ ನಿಂತು, ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಆಮೇಲೆ ಕುರ್ಚಿ ಎಳೆದುಕೊಂಡ.

"ನಿಮ್ಮ ಕಾಕು ಆಡಿದ್ದು ಛಲೋ ಆತ್ರಿ" ಅಂದ, ಕೂತವನೇ. "ಹೇಳೂನು ಅಂದಿದ್ದೆ ನಾ. ಮನ್ಯಾಗ ಬಿಡಲಿಲ್ಲ. ಮದುವ್ಯಾದ ದಿನಾ ಸಂಜಿ ಗೊತ್ತಾಗಿದ್ರ ನೀವ ನನ್ನ ಮಾರಿ ನೋಡತಿದ್ದಿಲ್ಲ."

"ಮುಂದ ಹಗಲೂ ಕಡಿಮಿ ಆಕ್ಕೈತೇನ್ರಿ?" ಶೋಭಾ ಕೇಳಿದಳು.

"ಆಗಬಹುದು ಅಂದಾರ ಡಾಕ್ಟರು."

ಚಹಾ ಬಂತು. ಶೋಭಾ ಕಪ್ಪು ಮುಟ್ಟಲಿಲ್ಲ. "ನಾ ಬಿ.ಕಾಂ. ಮುಗಸಾಕಿ. ಗಾಡಿ ಹೊಡಿಯೂದ ಕಲಿಯಾಕಿ. ಸಂಜೀಕ ಅಂಗಡಿ ನಾ ನೋಡತೀನಿ. ಇದಕ್ಕ ಹ್ಞೂಂ ಅಂದ್ರ ಮುಂದಿನ ಮಾತು. ಆಕಿ ಕಟಗೊಂಡಂಗ ನಾ ಕಣ್ಣ ಕಟಗೊಳ್ಳಾಕಿ ಅಲ್ಲ. ಇಬ್ಬರೊಳಗ ಒಬ್ಬರರೆ ಕಣ್ಣ ತಕ್ಕೊಂಡಿರಬೇಕಲ್ರಿ."

"ಆಕಿ ಅಂದ್ರ ಯಾರ್ರಿ?" ಅವನು ನನ್ನ ಕಡೆ ನೋಡಿದ.

ಶೋಭಾಳಿಗೆ ನಗು ತಡೆಯಲಾಗಲಿಲ್ಲ. ಅವನೂ ಗೊತ್ತಿಲ್ಲದೇ ನಕ್ಕ. ಆಮೇಲೆ ಕಪ್ಪು ಕೈಗೆತ್ತಿಕೊಂಡು, "ಗಿರಾಕಿ ಬರೂದ ಸಂಜೀಕ್ರಿ" ಅಂದ. "ಹೊಲದಿಂದ ಬಂದ ಮ್ಯಾಲೆ ಬರತಾರ. ಆ ಹೊತ್ತಿನ್ಯಾಗ ಅಂಗಡಿ ಮುಚ್ಚಿ ಮನಿಗೆ ಹೋಗೂದಂದ್ರ ಜೀವ ಚುರ್ ಅಂತಿತ್ತು. ನೀವ ಬರತೀನಂದ್ರ ಕೀಲಿ ಕೊಡತೀನಿ. ಓದೂದ ಬ್ಯಾಡಂತ ನಾ ಅಂದಿಲ್ಲ, ನನ್ನನ್ನ ಯಾರೂ ಕೇಳಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನನ್ನ ಕೊನೆಯ ಸಾಲು ಹಾಳಾಗಿತ್ತು. ತುಂಬಿದ ಸಭೆಯಲ್ಲಿ ಒಲ್ಲೆ ಅನ್ನಬೇಕಾದ ಹುಡುಗಿ ಚಹಾದಂಗಡಿಯಲ್ಲಿ ಹ್ಞೂಂ ಅಂದಿದ್ದಳು, ಅದೂ ತನ್ನ ಕರಾರಿನ ಮೇಲೆ. ನನಗೆ ಸಿಟ್ಟು ಬಂದಿತ್ತು, ಹೆದರಿಕೆಯೂ ಇತ್ತು. ಶೋಭಾ ಮಾತ್ರ ಪಕ್ಕದಲ್ಲಿ ಕೂತು, ನಾನು ಚೀಲದಲ್ಲಿಟ್ಟುಕೊಂಡಿದ್ದ ಪುಸ್ತಕ ತೆಗೆದು ಓದುತ್ತ ಬಂದಳು.

ಶೋಭಾಳ ಕಡೆಯ ಪರೀಕ್ಷೆ ಮುಗಿಯುವವರೆಗೆ ಲಗ್ನ ಮುಂದೂಡಿದರು. ನನಗೆ ಆ ಬೇಸಿಗೆಯಲ್ಲೇ ಬೇರೆ ಊರಿಗೆ ವರ್ಗವಾಯಿತು, ಅಕ್ಷತೆ ಹಾಕಲು ಬರಲಾಗಲಿಲ್ಲ. ಹೋಗುವ ಮೊದಲು ಕಥೆಯನ್ನು ಹೊಸದಾಗಿ ಬರೆದೆ. ಕಂಬಗಳನ್ನು ತೆಗೆದೆ, ಆರ್ಯಪುತ್ರರನ್ನು ಓಡಿಸಿದೆ, ಯಾರಿಗೂ ಹೆಸರಿಡಲಿಲ್ಲ. ಒಬ್ಬ ಹುಡುಗಿ, ಒಬ್ಬ ಹುಡುಗ, ಮಧ್ಯದಲ್ಲಿ ಎರಡು ಕಪ್ಪು ಚಹಾ. ಒಂದು ವಾರಪತ್ರಿಕೆ ಅದನ್ನು ಅಚ್ಚು ಹಾಕಿತು.

ಈಗ ಅದೇ ಬಾಗಿಲಿಗೆ ಬಂದು ನಿಂತರೆ, ಕಾಕು ಗುರುತು ಹಿಡಿಯಲು ಒಂದು ಗಳಿಗೆ ತೆಗೆದುಕೊಂಡರು. "ಅಕ್ಕೋರ, ಕೂದಲ ಬೆಳ್ಳಗಾಗ್ಯಾವಲ್ರಿ" ಅಂದು ಕೈ ಹಿಡಿದುಕೊಂಡರು. ಶೆಡ್ಡಿನಲ್ಲಿ ಈಗ ಒಂದೇ ಮಗ್ಗ, ಅದೂ ಹಬ್ಬಕ್ಕೆ ಬಂದ್ ಇತ್ತು. ಕರೆಂಟು ಈಗ ಅಷ್ಟು ಹೋಗುವುದಿಲ್ಲವಂತೆ. ಭಾರತ ಕೇಳುವವರೂ ಇಲ್ಲವಂತೆ, ಎಲ್ಲರ ಕೈಯಲ್ಲೂ ಫೋನು. ಕಾಕಾನಿಗೆ ಏನೇನೂ ಕೇಳಿಸುವುದಿಲ್ಲ. ಪಡಸಾಲೆಯಲ್ಲಿ ಕೂತು ನನ್ನನ್ನು ನೋಡಿ ನಕ್ಕರು. ಕಾಕು ಹುರಿದ ಜೋಳದ ಅಳ್ಳು, ಎಳ್ಳುಂಡಿ ತಂದಿಟ್ಟರು.

ಅಷ್ಟರಲ್ಲಿ ಶೋಭಾ ಬಂದಳು, ಪಂಚಮಿಗೆ ತವರಿಗೆ ಬಂದವಳು. ಹಿಂದೆ ಸಂಗಮೇಶ. ನನ್ನ ಎದುರು ಕೂತು ಬೀಳಗಿಯ ಅಂಗಡಿಯ ಸುದ್ದಿ ಹೇಳಿದಳು. ಹಗಲು ಅವನು, ಸಂಜೆ ಅವಳು. ಅವನಿಗೆ ಈಗ ಹಗಲೂ ಮೊದಲಿನಷ್ಟು ಕಾಣುವುದಿಲ್ಲ; ಅದನ್ನೂ ಅವಳೇ ಹೇಳಿದಳು, ತಲೆ ತಗ್ಗಿಸದೆ. "ನೀವ ಬರದ ಕಥಿ ಓದೇನ್ರಿ ಅಕ್ಕೋರ" ಅಂದಳು. "ಚಹಾ ನಾ ಕುಡಿಲಿಲ್ಲ ಅಂತ ಬರದೀರಿ. ಆಮ್ಯಾಲೆ ಕುಡದೆ. ಆರಿತ್ತು." ಎಲ್ಲರೂ ನಕ್ಕೆವು.

ಹೊತ್ತು ಮುಳುಗುತ್ತ ಬಂದಿತ್ತು. ಅವರಿಗೆ ರಬಕವಿಯ ಬೀಗರ ಮನೆಗೆ ಊಟಕ್ಕೆ ಹೋಗಬೇಕಿತ್ತು. ಶೋಭಾ ಹೊರಗೆ ಹೋಗಿ ಸ್ಕೂಟರ್ ತಿರುಗಿಸಿದಳು. ಓಣಿಯಲ್ಲಿ ಜೋಕಾಲಿ ಕಟ್ಟುವ ಗಂಡಸರ ಗದ್ದಲ. ಸಂಗಮೇಶ ಮೆಟ್ಟಿಲ ಮೇಲೆ ನಿಂತ, ಜಮಖಂಡಿಯ ಚಹಾದಂಗಡಿಯಲ್ಲಿ ನಿಂತ ಹಾಗೆಯೇ.

"ಸಂಗಮೇಶ, ಇಲ್ಲಿ" ಅಂದಳು ಶೋಭಾ.

ಅವನು ಆ ದನಿಯ ಕಡೆಗೆ ನೇರವಾಗಿ ನಡೆದ.

ಕಾಕು ಗಲ್ಲಕ್ಕೆ ಕೈ ಹಚ್ಚಿದರು. "ಯವ್ವ, ಗಂಡನ ಹೆಸರ ಹಿಡದ ಕರಿತಿಯಲ್ಲ ಬೇ."

"ಏನ್ರಿ ಅಂದ್ರ ಓಣ್ಯಾಗಿನ ಗಂಡಸೂರೆಲ್ಲ ತಿರುಗಿ ನೋಡತಾರ ಕಾಕು" ಅಂದಳು. "ಕತ್ತಲದಾಗ ಇವರಿಗೆ ಬರಬೇಕಾದ ಮಾತು ಇವರಿಗ ಬರಬೇಕಲ್ಲ. ಮೊದಲ ನನಗೂ ನಾಚಿಕಿ ಆಕ್ಕಿತ್ತು." ಸಂಗಮೇಶ ಹಿಂದಿನ ಸೀಟಿನ ಮೇಲೆ ಕೂತು ಅವಳ ಹೆಗಲ ಮೇಲೆ ಕೈಯಿಟ್ಟ. ಸ್ಕೂಟರು ಜೋಕಾಲಿಯ ಹಗ್ಗ ತಪ್ಪಿಸಿಕೊಂಡು ಓಣಿಯ ತಿರುವು ದಾಟಿತು.

ಕಾಕು ಒಳಗೆ ಬಂದು ದೀಪ ಹಚ್ಚಿದರು. ಕಾಕಾನನ್ನು ಊಟಕ್ಕೆ ಏಳಿಸಬೇಕಾದರೆ ಅವರು ಯಾವಾಗಲೂ ತಾಟಿನಿಂದ ನೆಲಕ್ಕೆ ಬಡಿಯುತ್ತಾರೆ. ನೆಲದ ನಡುಕ ಕಾಕಾನಿಗೆ ತಿಳಿಯುತ್ತದೆ. ಈಗಲೂ ತಾಟು ಕೈಯಲ್ಲಿತ್ತು. ಬಡಿಯಲಿಲ್ಲ. ಕಾಕಾನ ಎದುರಿಗೆ ಕೂತು, ಅವರ ಮುಖ ನೋಡುತ್ತ, ತುಟಿ ಆಡಿಸಿದರು.

ದನಿಯಿರಲಿಲ್ಲ. ಆ ವರ್ಷ ಕಲಿತದ್ದು ನನಗೆ ಮರೆತಿರಲಿಲ್ಲ, ಆ ತುಟಿಯಲ್ಲಿ ಕಾಕಾನ ಹೆಸರು ಓದಿದೆ.

ಕಾಕಾ ಬಾಯಲ್ಲಿದ್ದ ಅಳ್ಳು ಅಗಿಯುವುದನ್ನು ನಿಲ್ಲಿಸಿದರು. ಬಹಳ ಹೊತ್ತು ಹೆಂಡತಿಯ ತುಟಿಯನ್ನೇ ನೋಡಿದರು. ಆಮೇಲೆ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಓಣಿಯವರೆಗೂ ಕೇಳುವ ಹಾಗೆ, "ಇನ್ನೊಮ್ಮಿ ಅನ್ನು" ಅಂದರು.